ನಾವು ನಿಂತಿದ್ದ ನೆರಳು

2025ರ ಸೆಪ್ಟೆಂಬರ್ 7ರ ರಾತ್ರಿ ಮಗಳನ್ನು ಎಬ್ಬಿಸಿ ತಾರಸಿಗೆ ಕರೆದುಕೊಂಡು ಹೋದೆ. ಅವಳಿಗೆ ಆಗ ಒಂಬತ್ತು ವರ್ಷ. ಕಣ್ಣುಜ್ಜುತ್ತಲೇ ಮೆಟ್ಟಿಲು ಹತ್ತಿದಳು. ಅಷ್ಟರಲ್ಲಿ ಗ್ರಹಣ ಹಿಡಿದಾಗಿತ್ತು. ಚಂದ್ರನ ಎಡಗಡೆ ಅಂಚು ಮಸಿ ಹತ್ತಿದ ಹಾಗೆ ಕಪ್ಪಾಗಿತ್ತು.

ಮೊದಲ ಒಂದು ಗಂಟೆ ತುಂಬ ನಿಧಾನ. ಕಣ್ಣು ಕೀಳದೆ ನೋಡುತ್ತಿದ್ದರೆ ಏನೂ ಆಗುತ್ತಿಲ್ಲ ಅನಿಸುತ್ತದೆ. ಸ್ವಲ್ಪ ಹೊತ್ತು ಬೇರೆ ಕಡೆ ನೋಡಿ ತಿರುಗಿದರೆ ಕಪ್ಪು ಇನ್ನಷ್ಟು ಒಳಗೆ ಬಂದಿರುತ್ತದೆ. ಚಂದ್ರ ಗಂಟೆಗೆ ಸರಿಯುವುದೇ ಹೆಚ್ಚುಕಡಿಮೆ ತನ್ನ ಅಗಲದಷ್ಟು. ಅದಕ್ಕೇ ಅಷ್ಟು ಹೊತ್ತು. ನನಗೆ ಆ ನಿಧಾನವೇ ಇಷ್ಟವಾಯಿತು.

"ಅಮ್ಮಾ, ಆ ನೆರಳು ಯಾರದ್ದು?"

"ನಮ್ಮದೇ" ಅಂದೆ.

ಸುಮ್ನೆ ಹೇಳಿದ ಮಾತು. ಹೇಳಿದ ಮೇಲೆ ನನಗೇ ಮೈ ಜುಮ್ಮೆಂದಿತು. ರಾತ್ರಿ ಅಂತ ನಾವು ಕರೆಯುವುದೇ ಭೂಮಿಯ ನೆರಳನ್ನು, ಅಲ್ವಾ? ದಿನಾ ಸಂಜೆ ಅದರೊಳಗೆ ಹೋಗುತ್ತೇವೆ, ಬೆಳಿಗ್ಗೆ ಹೊರಗೆ ಬರುತ್ತೇವೆ. ಆ ನೆರಳು ಸುಮಾರು 14 ಲಕ್ಷ ಕಿಲೋಮೀಟರ್ ದೂರದವರೆಗೆ ಚೂಪಾಗುತ್ತಾ ಚಾಚಿಕೊಂಡಿದೆ. ತಾಗಲು ಏನೂ ಸಿಗದಿದ್ದರೆ ಅದು ನಮಗೆ ಕಾಣುವುದೇ ಇಲ್ಲ. ಚಂದ್ರನ ದಾರಿ ಸುಮಾರು 5 ಡಿಗ್ರಿ ಓರೆಯಾಗಿರುವುದರಿಂದ ಹೆಚ್ಚಿನ ಹುಣ್ಣಿಮೆಗಳಲ್ಲಿ ಅವನು ನೆರಳಿನ ಮೇಲೋ ಕೆಳಗೋ ಹಾದು ಹೋಗಿಬಿಡುತ್ತಾನೆ. ಆವತ್ತು ನೇರವಾಗಿ ಒಳಗೆ ಬಂದಿದ್ದ.

ಮಗಳು ಕೈ ಎತ್ತಿ ಚಂದ್ರನ ಕಡೆ ಆಡಿಸಿದಳು. "ನನ್ನ ಕೈ ನೆರಳೂ ಅಲ್ಲಿ ಬೀಳ್ತಾ ಇದೆಯಾ?"

"ನಾವೇ ನೆರಳಿನೊಳಗೆ ಇದ್ದೀವಲ್ಲ ಪುಟ್ಟಿ, ಕೈಗೆ ಅಂತ ಬೇರೆ ಇಲ್ಲ."

ನೆರಳಿನ ಅಂಚು ಬಾಗಿತ್ತು. ಚಂದ್ರನಿಗಿಂತ ತುಂಬ ದೊಡ್ಡ ಚಕ್ರವೊಂದರ ತುಣುಕಿನ ಹಾಗೆ. ಇದೇ ಬಾಗು ನೋಡಿ ಭೂಮಿ ದುಂಡಗಿದೆ ಎಂದು ಅರಿಸ್ಟಾಟಲ್ ಹೇಳಿ 2300 ವರ್ಷಗಳಾಗಿವೆ. ಶಾಲೆಯಲ್ಲಿ ಓದಿ ನಂಬಿದ್ದೆ. ಕಣ್ಣಾರೆ ನೋಡಿದ್ದು ಆವತ್ತೇ.

ಆಮೇಲೆ ಕೊನೆಯ ಬಿಳಿ ಚೂರೂ ಹೋಯಿತು. ಚಂದ್ರ ಮಾತ್ರ ಹೋಗಲಿಲ್ಲ. ಬೂದಿ ಮುಚ್ಚಿದ ಕೆಂಡದ ಹಾಗೆ, ಒಳಗಿನಿಂದಲೇ ಕಾವು ಬರುತ್ತಿರುವ ಹಾಗೆ ಕೆಂಪಗೆ ನಿಂತಿತ್ತು. ಚಪ್ಪಟೆ ಬಿಲ್ಲೆಯಂತಿದ್ದದ್ದು ಈಗ ಕೈಚಾಚಿದರೆ ಸಿಗುವ ಚೆಂಡಿನಂತೆ ಕಾಣುತ್ತಿತ್ತು. ಸುತ್ತ ಆಕಾಶ ಕಪ್ಪಾಯಿತು. ಅಷ್ಟು ಹೊತ್ತು ಬೆಳದಿಂಗಳಲ್ಲಿ ಮರೆಯಾಗಿದ್ದ ನಕ್ಷತ್ರಗಳು ಒಂದೊಂದಾಗಿ ಬಂದವು. ಪಕ್ಕದಲ್ಲೇ ಶನಿ ಮಿನುಗದೆ ಹೊಳೆಯುತ್ತಿತ್ತು. ತಾರಸಿಯ ಮೇಲೆ ನಮ್ಮ ನೆರಳು ಅಳಿಸಿಹೋಗಿತ್ತು. ಇಬ್ಬರೂ ಮಾತಾಡಲಿಲ್ಲ.

ಆ ಕೆಂಪು ಎಲ್ಲಿಂದ ಬಂತು ಅಂತ ಗೊತ್ತಿದ್ದೂ ನನಗೆ ಬೆರಗು ಕಡಿಮೆಯಾಗಲಿಲ್ಲ. ಭೂಮಿಯ ಸುತ್ತಲಿನ ಗಾಳಿಯಲ್ಲಿ ಹಾದು ಬರುವಾಗ ನೀಲಿ ಬೆಳಕು ಚದುರಿಹೋಗುತ್ತದೆ. ಉಳಿದ ಕೆಂಪು ಬಾಗಿ ನೆರಳಿನೊಳಗೆ ಸೇರುತ್ತದೆ. ಆ ಹೊತ್ತಿಗೆ ಭೂಮಿಯ ಅಂಚಿನುದ್ದಕ್ಕೂ ಎಲ್ಲೆಲ್ಲಿ ಸೂರ್ಯ ಹುಟ್ಟುತ್ತಿದ್ದನೋ, ಎಲ್ಲೆಲ್ಲಿ ಮುಳುಗುತ್ತಿದ್ದನೋ, ಆ ಎಲ್ಲ ಕೆಂಪೂ ಒಟ್ಟಿಗೆ ಚಂದ್ರನ ಮೇಲೆ ಬಿದ್ದಿತ್ತು. ಯಾರದೋ ಮುಂಜಾವು, ಯಾರದೋ ಮುಸ್ಸಂಜೆ, ನಮ್ಮ ನಡುರಾತ್ರಿ.

82 ನಿಮಿಷ ಹಾಗೇ ಇತ್ತು. ಮಧ್ಯೆ ಒಮ್ಮೆ ಮೋಡ ಬಂದು ಹೋಯಿತು.

"ಇದು ಮತ್ತೆ ಯಾವಾಗ ಬರುತ್ತೆ?"

ಬೇರೆ ಗ್ರಹಣಗಳು ಬರುತ್ತಲೇ ಇರುತ್ತವೆ. ಆದರೆ ಇದರದೇ ಒಂದು ಸಾಲು ಇದೆ. 18 ವರ್ಷ, 11 ದಿನ, 8 ಗಂಟೆಗೊಮ್ಮೆ ಹೆಚ್ಚುಕಡಿಮೆ ಇದೇ ಗ್ರಹಣ ಮರಳುತ್ತದೆ. ಹಿಂದಿನದು 2007ರ ಆಗಸ್ಟ್‌ನಲ್ಲಿ ಬಂದಿತ್ತು, ಮುಂದಿನದು 2043ರ ಸೆಪ್ಟೆಂಬರ್‌ನಲ್ಲಿ. ಆ ಎಂಟು ಗಂಟೆ ಜಾಸ್ತಿಯಿರುವುದರಿಂದ ಭೂಮಿ ಮೂರನೇ ಒಂದು ಸುತ್ತು ಮುಂದೆ ತಿರುಗಿಬಿಟ್ಟಿರುತ್ತದೆ, ನಾವು ನಿಂತ ಜಾಗದಲ್ಲಿ ಹಗಲಾಗಿರುತ್ತದೆ. ಮೂರು ಸಲ ಮರಳಿದ ಮೇಲೆ, 2079ರ ಅಕ್ಟೋಬರ್‌ನಲ್ಲಿ, ಮತ್ತೆ ಇದೇ ಹೊತ್ತಿಗೆ ಇದೇ ಆಕಾಶಕ್ಕೆ ಬರುತ್ತದೆ.

ಅವಳು ಬೆರಳು ಮಡಚಿ ಎಣಿಸಿದಳು. "ನಂಗೆ ಅರವತ್ಮೂರು." ಸ್ವಲ್ಪ ಹೊತ್ತು ಬಿಟ್ಟು, "ನಿಂಗೆ?"

ನಾನು ಲೆಕ್ಕ ಹಾಕಲಿಲ್ಲ. ಅವಳ ಹೆಗಲ ಮೇಲೆ ಕೈ ಹಾಕಿದೆ. ಆಗ ನಾನಿರುವುದಿಲ್ಲ ಅನ್ನುವುದು ಯಾಕೋ ಭಯವಾಗಲಿಲ್ಲ. ಅವಳು ಇಲ್ಲೆಲ್ಲೋ ತಲೆ ಎತ್ತಿ ನೋಡುತ್ತಿರುತ್ತಾಳೆ ಎನ್ನುವುದೇ ಕಣ್ಣ ಮುಂದೆ ಬಂತು.

ಮೊದಲು ಕಪ್ಪಾಗಿದ್ದ ಎಡ ಅಂಚೇ ಮೊದಲು ಬೆಳಗಿತು. ಗ್ರಹಣ ಪೂರ್ತಿ ಬಿಡಲು ಇನ್ನೊಂದು ಗಂಟೆ ಬೇಕಾಯಿತು. ಮಲಗೋಣ ಅಂದರೂ ಅವಳು ಏಳಲಿಲ್ಲ. ನಕ್ಷತ್ರಗಳು ಮಂಕಾದವು, ತಾರಸಿಯ ನೆಲ ಬೆಳ್ಳಗಾಯಿತು. ಮಗಳು ಮತ್ತೆ ಕೈ ಎತ್ತಿ ಆಡಿಸಿದಳು. ಈ ಸಲ ಅವಳ ಕಾಲಬುಡದಲ್ಲಿ ಐದು ಬೆರಳೂ ಸ್ಪಷ್ಟವಾಗಿ ಬಿದ್ದವು.