ಮೈಸೂರಿನಿಂದ ಆಗುಂಬೆಗೆ: ಹೊಸ ಹಿಮಾಲಯನ್, ಹಳೆಯ ಯೆಜ್ಡಿ, ಜೊತೆಗೊಂದು ಸ್ಪ್ಲೆಂಡರ್

ಮೈಸೂರಿನಿಂದ ಹೊರಟು ಸಕಲೇಶಪುರ, ಬಿಸಿಲೆ, ಸುಬ್ರಹ್ಮಣ್ಯ, ಚಾರ್ಮಾಡಿ, ಕಳಸ, ಶೃಂಗೇರಿ ಮಾರ್ಗವಾಗಿ ಆಗುಂಬೆ ತಲುಪುವ ಯೋಜನೆ ಹಾಕಿಕೊಂಡವರೆಲ್ಲ ಕೇಳುವ ಮೊದಲ ಪ್ರಶ್ನೆ, ಇದಕ್ಕೆ ಕಚ್ಚಾ ದಾರಿಗೂ ಒಗ್ಗುವಂತೆ ಮಾಡಿದ ಅಡ್ವೆಂಚರ್ ಬೈಕೇ ಬೇಕೇ ಎಂಬುದು. ಸೆಪ್ಟೆಂಬರ್ ಕೊನೆಯಲ್ಲಿ, ಮಳೆ ಇನ್ನೂ ಪೂರ್ತಿ ಬಿಡದ ದಿನಗಳಲ್ಲಿ, ನಾವು ಮೂವರು ಮೂರು ಬಗೆಯ ಬೈಕುಗಳಲ್ಲಿ ಈ ದಾರಿಯಲ್ಲಿ ಹೋಗಿ ಬಂದೆವು. ನನ್ನದು ಅಂಥದೇ ಅಡ್ವೆಂಚರ್ ಬೈಕು, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450; ಭಾವನದು ಯೆಜ್ಡಿ ರೋಡ್‌ಕಿಂಗ್; ಚಿಕ್ಕಪ್ಪನ ಮಗನದು ದಿನವೂ ಕೆಲಸಕ್ಕೆ ಓಡಿಸುವ ಸ್ಪ್ಲೆಂಡರ್. ಜಾಹೀರಾತುಗಳಲ್ಲಿ ಹೊಸ ಬೈಕು ಯಾವ ಜಾಗದಲ್ಲಿ ಮಿಂಚುತ್ತದೆಯೋ ಅಲ್ಲಿ ಅದು ನನ್ನನ್ನು ಪೇಚಿಗೆ ಸಿಕ್ಕಿಸಿತು, ಯಾರೂ ಚಿತ್ರ ತೆಗೆಯದ ಜಾಗದಲ್ಲಿ ಕಾಪಾಡಿತು.

ಮೂರರ ಜಾತಕವನ್ನು ಮೊದಲೇ ಹೇಳಿಬಿಡುತ್ತೇನೆ. ಹಿಮಾಲಯನ್ 450 ಮಾರುಕಟ್ಟೆಗೆ ಬಂದದ್ದು 2023ರ ನವೆಂಬರಿನಲ್ಲಿ. 452 ಸಿಸಿಯ, ನೀರಿನಿಂದ ತಂಪಾಗುವ ಎಂಜಿನ್, 40 ಪಿಎಸ್ ಶಕ್ತಿ, ಆರು ಗೇರು, 17 ಲೀಟರಿನ ಟ್ಯಾಂಕು, 196 ಕೆ.ಜಿ. ತೂಕ, ರಸ್ತೆಗೆ ಇಳಿಯುವ ಹೊತ್ತಿಗೆ ಬೆಲೆ ಮೂರು ಲಕ್ಷ ರೂಪಾಯಿ ದಾಟುತ್ತದೆ. ಯೆಜ್ಡಿ ನಮ್ಮೂರಿನದೇ, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯದು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಬೈಕುಗಳು ಮಾತ್ರ ಮೈಸೂರಿನ ಬೀದಿಗಳಲ್ಲಿ ಇನ್ನೂ ಹೊಗೆ ಬಿಡುತ್ತಿವೆ. 250 ಸಿಸಿಯ ಟೂ ಸ್ಟ್ರೋಕ್ ಎಂಜಿನ್, ನಾಲ್ಕು ಗೇರು, ಎರಡೂ ಚಕ್ರಕ್ಕೆ ಡ್ರಮ್ ಬ್ರೇಕು, ಕಿಕ್ಕರನ್ನೇ ಮಡಚಿ ಗೇರಿನ ಲಿವರ್ ಮಾಡಿಕೊಳ್ಳುವ ವ್ಯವಸ್ಥೆ. ಸ್ಪ್ಲೆಂಡರ್ ಬಗ್ಗೆ ಹೇಳುವುದೇನಿದೆ? 97.2 ಸಿಸಿ, ಸುಮಾರು 110 ಕೆ.ಜಿ., ಯಾವ ಹಳ್ಳಿಯಲ್ಲಿ ಕೆಟ್ಟರೂ ಬಿಡಿಭಾಗ ಸಿಗುತ್ತದೆ.

ಮೈಸೂರಿನಿಂದ ಹೊಳೆನರಸೀಪುರ, ಹಾಸನ ದಾಟಿ ಸಕಲೇಶಪುರ ಸೇರುವವರೆಗಿನ ದಾರಿಯ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ನಮಗೆ ಮೋಸವಾದದ್ದು ಸಕಲೇಶಪುರದ ಆಚೆ ಕಾಯ್ದಿರಿಸಿದ್ದ ಹೋಂಸ್ಟೇಯಲ್ಲಿ. ಹೆಸರು ಬೇಡ, ಅಂಥವು ಆ ಸೀಮೆಯಲ್ಲಿ ಬೇಕಾದಷ್ಟಿವೆ. ತಲೆಗೆ 2,800 ರೂಪಾಯಿ ಎಂದು ಮೊದಲೇ ಕಟ್ಟಿಸಿಕೊಂಡಿದ್ದರು. ಕಣಿವೆಗೆ ಮುಖ ಮಾಡಿದ ಕೋಣೆ ಎಂದು ಚಿತ್ರದಲ್ಲಿ ಇದ್ದದ್ದು ಅಲ್ಲಿಗೆ ಹೋಗಿ ಕಿಟಕಿ ತೆರೆದಾಗ ಜನರೇಟರ್ ಶೆಡ್ಡಿನ ತಗಡಿನ ಮಾಡಾಗಿತ್ತು. ಬಿಸಿನೀರು ಸೋಲಾರಿನದು, ಮೋಡ ಕವಿದ ದಿನ ಅದು ತಣ್ಣೀರೇ. ಶಿಬಿರಾಗ್ನಿ ಬೇಡವೆಂದು ಹೇಳಿದರೂ ಬೆಳಿಗ್ಗೆ ಬಿಲ್ಲಿನಲ್ಲಿ ಅದಕ್ಕೆ ಐನೂರು ರೂಪಾಯಿ ಸೇರಿತ್ತು. ಮಳೆ ಸುರಿಯುತ್ತಿದ್ದಾಗ ಬೆಂಕಿ ಎಲ್ಲಿ ಹಾಕಿದ್ದಿರಿ ಎಂದು ಭಾವ ಕೇಳಿದ ಮೇಲೆ ತೆಗೆದರು.

ಕೋಣೆಗಿಂತ ಹೆಚ್ಚು ಪಾಠ ಕಲಿಸಿದ್ದು ಅಲ್ಲಿಗೆ ಹೋಗುವ ದಾರಿ. ಟಾರು ರಸ್ತೆಯಿಂದ ಒಳಗೆ ಸುಮಾರು ಮೂರು ಕಿಲೋಮೀಟರ್ ಏರುದಾರಿ, ಕಾಫಿ ತೋಟದ ನಡುವೆ, ಜೀಪುಗಳು ಓಡಾಡಿ ಎರಡು ಆಳವಾದ ಗಾಡಿ ಜಾಡು ಬಿದ್ದಿರುವ ಕೆಂಪು ಜೇಡಿಮಣ್ಣು. ಅಡ್ವೆಂಚರ್ ಬೈಕಿನ ಚಿತ್ರಗಳನ್ನು ತೆಗೆಯುವುದೇ ಇಂಥ ಕಡೆ. ಮುಂದಿನ 21 ಇಂಚಿನ ಚಕ್ರ ಕಲ್ಲುಗಳ ಮೇಲೆ ಸಲೀಸಾಗಿಯೇ ಹತ್ತಿತು, ಸಸ್ಪೆನ್ಶನ್ ಕೈಗೆ ಒಂದು ಪೆಟ್ಟನ್ನೂ ಬಿಡಲಿಲ್ಲ. ಆದರೆ ಎದುರಿನಿಂದ ಜೀಪು ಬಂದು, ನಾನು ಜಾಡಿನ ನಡುವಿನ ದಿಬ್ಬದ ಮೇಲೆ ನಿಲ್ಲಿಸಬೇಕಾಯಿತು. ಸೀಟಿನ ಎತ್ತರ 825 ಮಿ.ಮೀ.; ಕಾಲು ಇಟ್ಟ ಕಡೆ ನೆಲವೇ ಇರಲಿಲ್ಲ, ಜಾಡಿನ ಹಳ್ಳವಿತ್ತು. ಬೈಕು ನಿಧಾನವಾಗಿ, ತಡೆಯಲು ಸಾಧ್ಯವೇ ಇಲ್ಲದಂತೆ, ಬಲಕ್ಕೆ ಮಲಗಿತು. ಬ್ಯಾಗುಗಳು ಸೇರಿ ಇನ್ನೂರ ಇಪ್ಪತ್ತು ಕೆ.ಜಿ.ಗೆ ಕಡಿಮೆಯಿಲ್ಲದ ಆ ಭಾರವನ್ನು ಜಾರುವ ಮಣ್ಣಿನಲ್ಲಿ ಎತ್ತಲು ಜೀಪಿನ ಚಾಲಕ, ಭಾವ ಮತ್ತು ನಾನು ಮೂವರೂ ಬೇಕಾಯಿತು. ಅಷ್ಟರಲ್ಲಿ ಚಿಕ್ಕಪ್ಪನ ಮಗ ಸ್ಪ್ಲೆಂಡರಿನಿಂದ ಇಳಿದು, ಒಂದನೇ ಗೇರಿನಲ್ಲಿ ಎಂಜಿನ್ ನಡೆಸುತ್ತ, ಪಕ್ಕದಲ್ಲಿ ತಾನು ನಡೆಯುತ್ತ, ಹಟದ ಕರುವನ್ನು ಕೊಟ್ಟಿಗೆಗೆ ಎಳೆದೊಯ್ಯುವಂತೆ ಅದನ್ನು ಮೇಲಕ್ಕೆ ಕೊಂಡೊಯ್ದಿದ್ದ. ಅವನ ಚಪ್ಪಲಿಯ ಪಟ್ಟಿ ಕಿತ್ತುಹೋದದ್ದು ಬಿಟ್ಟರೆ ಬೇರೆ ನಷ್ಟವಿಲ್ಲ.

ಹಿಂದೆ ನನ್ನ ಬಳಿ ಇದ್ದ ಹಳೆಯ 411 ಸಿಸಿಯ ಹಿಮಾಲಯನ್ ಆಗಿದ್ದರೆ ಈ ಏರು ಇಷ್ಟು ಕಷ್ಟವಾಗುತ್ತಿರಲಿಲ್ಲ ಎಂದು ನನ್ನ ಅನಿಸಿಕೆ. 2016ರಲ್ಲಿ ಬಂದ ಆ ಬೈಕಿನಲ್ಲಿ ಶಕ್ತಿ ಕಡಿಮೆ, 24 ಪಿಎಸ್ ಚಿಲ್ಲರೆ. ಆದರೆ ಅದರ 32 ನ್ಯೂಟನ್ ಮೀಟರ್ ಎಳೆತ ನಾಲ್ಕು ಸಾವಿರದ ಆಸುಪಾಸಿನ ಆರ್‌ಪಿಎಂನಲ್ಲೇ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ಸಿಗುತ್ತಿತ್ತು, ಸೀಟೂ 800 ಮಿ.ಮೀ. ಎತ್ತರದ್ದು. ಹೊಸದರ 40 ನ್ಯೂಟನ್ ಮೀಟರ್ ಪೂರ್ತಿ ಸಿಗುವುದು 5,500ರಲ್ಲಿ. ಆದ್ದರಿಂದ ಆಮೆ ನಡಿಗೆಯ ಏರಿನಲ್ಲಿ ಹಳೆಯದನ್ನು ಆಕ್ಸಿಲರೇಟರ್ ಮುಟ್ಟದೆಯೇ ನಡೆಸಬಹುದಿತ್ತು. ಹೊಸದಕ್ಕೆ ಕ್ಲಚ್ ಅರ್ಧ ಹಿಡಿದು ಎಂಜಿನ್ ಏರಿಸಬೇಕು, ಹಾಗೆ ಏರಿಸಿದಾಗ ಹಿಂದಿನ ಚಕ್ರ ಮಣ್ಣಿನಲ್ಲಿ ತಿರುಗುತ್ತದೆ. ಇಂಥ ತೋಟದ ದಾರಿಯ ಕೋಣೆಯನ್ನು ಕಾಯ್ದಿರಿಸುವ ಮುನ್ನ ಕೊನೆಯ ಮೂರು ಕಿಲೋಮೀಟರ್ ಹೇಗಿದೆ, ಬೈಕನ್ನು ಕೆಳಗೆ ಎಲ್ಲಿ ನಿಲ್ಲಿಸಬಹುದು ಎಂದು ಫೋನಿನಲ್ಲಿ ಕೇಳಿ. ನಮಗೆ ಹೇಳಲಿಲ್ಲ, ಆದರೆ ಕೆಳಗಿನ ಅಂಗಡಿಯವರ ಅಂಗಳದಲ್ಲಿ ನಿಲ್ಲಿಸಿ ಅವರ ಜೀಪಿನಲ್ಲೇ ಹೋಗುವ ಏರ್ಪಾಡು ಇತ್ತಂತೆ.

ಸಕಲೇಶಪುರದಿಂದ ಹೆತ್ತೂರು, ವಣಗೂರು ದಾಟಿ ಬಿಸಿಲೆ ಘಾಟಿ ಇಳಿಯುವಾಗ ಲೆಕ್ಕ ತಿರುಗಿತು. ಘಾಟಿಯ ಕಾಂಕ್ರೀಟು ರಸ್ತೆ ಚೆನ್ನಾಗಿಯೇ ಇದೆ, ಆದರೆ ಮಳೆಗಾಲದ ಪಾಚಿ ಅಂಚುಗಳಲ್ಲಿ ಉಳಿದಿರುತ್ತದೆ, ತಿರುವುಗಳಲ್ಲಿ ಬಿದಿರಿನ ಒದ್ದೆ ಎಲೆ ಹಾಸಿರುತ್ತದೆ. ಒಂದು ತಿರುವಿನಲ್ಲಿ ಅಡ್ಡ ಬಿದ್ದ ಕೊಂಬೆ ಕಂಡು ನಾನು ಎರಡೂ ಬ್ರೇಕನ್ನು ಬಲವಾಗಿ ಹಿಡಿದೆ. ಬ್ರೇಕು ಹಿಡಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್, ಲಿವರನ್ನು ಬೆರಳಿನಲ್ಲಿ ಕಟಕಟ ಒದೆಯಿತೇ ಹೊರತು ಚಕ್ರ ಜಾರಲಿಲ್ಲ, ಬೈಕು ನೇರವಾಗಿ ನಿಂತಿತು. ಹಿಂದೆ ಬರುತ್ತಿದ್ದ ಭಾವ ಎರಡು ಕಾಲನ್ನೂ ನೆಲಕ್ಕೆ ಉಜ್ಜಿಕೊಂಡೇ ನಿಲ್ಲಿಸಿದರು. ಟೂ ಸ್ಟ್ರೋಕ್ ಬೈಕಿನಲ್ಲಿ ಘಾಟಿ ಇಳಿಯುವವರು ಎರಡು ಸಂಗತಿ ತಿಳಿದಿರಬೇಕು. ಒಂದು, ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ಬೈಕನ್ನು ಹಿಡಿದೆಳೆಯುವುದು ತೀರಾ ಕಡಿಮೆ, ಎಲ್ಲ ಭಾರವೂ ಡ್ರಮ್ ಬ್ರೇಕಿನ ಮೇಲೆ ಬೀಳುತ್ತದೆ, ಅದು ಕಾದಷ್ಟೂ ಹಿಡಿತ ಸಡಿಲವಾಗುತ್ತದೆ. ಎರಡು, ಎಂಜಿನ್ನಿಗೆ ಆಯಿಲ್ ಹೋಗುವುದು ಪೆಟ್ರೋಲಿನ ಜೊತೆ ಬೆರೆತು; ಆಕ್ಸಿಲರೇಟರ್ ಮುಚ್ಚಿಕೊಂಡು ಬಹಳ ದೂರ ಇಳಿದರೆ ಒಳಗೆ ಆಯಿಲ್ ಸಾಲದೆ ಪಿಸ್ಟನ್ ಒಣಗುತ್ತದೆ. ಅದಕ್ಕೇ ಭಾವ ಇಳಿಜಾರಿನಲ್ಲೂ ಆಗಾಗ ಕ್ಲಚ್ ಹಿಡಿದು ಒಮ್ಮೆ ರೇಸ್ ಮಾಡುತ್ತಾರೆ. ಕೇಳುವವರಿಗೆ ಅದು ಚಪಲದಂತೆ ಕಾಣುತ್ತದೆ.

ಬಿಸಿಲೆಯ ವೀಕ್ಷಣಾ ಸ್ಥಳದಲ್ಲಿ ಮಂಜು ಬಿಟ್ಟರೆ ಏನೂ ಕಾಣಲಿಲ್ಲ. ಸುಬ್ರಹ್ಮಣ್ಯದಲ್ಲಿ ಶನಿವಾರದ ಜನಸಂದಣಿ ಕಂಡು ನಾವು ಹೊರಗಿನಿಂದಲೇ ಕೈ ಮುಗಿದು ಹೊರಟೆವು. ಸಾಲಿನಲ್ಲಿ ನಿಲ್ಲುವ ತಾಳ್ಮೆ ನನಗಿಲ್ಲ, ಇರುವವರು ವಾರದ ದಿನ ಹೋಗುವುದು ಮೇಲು.

ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರ ದಾಟಿ ಕಳಸದ ಕಡೆ ತಿರುಗಿದ ಮೇಲೆ, ರಸ್ತೆಯ ಎಡಕ್ಕೆ, ಫಲಕವೂ ಇಲ್ಲದ ಒಂದು ಹೆಂಚಿನ ಮನೆಯ ಹೋಟೆಲಿನಲ್ಲಿ ತಿಂದದ್ದನ್ನು ಮಾತ್ರ ವಿವರವಾಗಿ ಹೇಳಲೇಬೇಕು. ಮುಂದಿನ ಜಗಲಿಯಲ್ಲಿ ಎರಡು ಬೆಂಚು, ಒಳಗೆ ಸೌದೆ ಒಲೆ. ಅಕ್ಕಿ ರೊಟ್ಟಿಯನ್ನು ನಾವು ಕೂತ ಮೇಲೆಯೇ ತಟ್ಟಿ, ಹೆಂಚಿನ ಮೇಲೆ ಬೇಯಿಸಿ, ಕೊನೆಗೆ ಕೆಂಡದಲ್ಲಿ ಉಬ್ಬಿಸಿ ಕೊಟ್ಟರು. ಜೊತೆಗೆ ಕಾಯಿಚಟ್ನಿ, ಮತ್ತು ಆ ಕಾಲಕ್ಕೆ ಮಾತ್ರ ಸಿಗುವ ಕಳಲೆ ಪಲ್ಯ. ಎಳೆಬಿದಿರನ್ನು ಹೆಚ್ಚಿ ನೀರು ಬದಲಿಸುತ್ತ ನೆನೆಸಿಟ್ಟ ಮೇಲೆ ಉಳಿಯುವ ಆ ಸಣ್ಣ ಒಗರು, ಕಾಯಿ ಮಸಾಲೆಯ ಜೊತೆ ಸೇರಿ, ನೆನೆದು ನಡುಗುತ್ತಿದ್ದ ನಮಗೆ ಎಷ್ಟು ಹಿತವಾಯಿತೆಂದರೆ ಮೂರನೇ ರೊಟ್ಟಿಗೆ ಕೈ ಒಡ್ಡಲು ಯಾರಿಗೂ ಸಂಕೋಚವಾಗಲಿಲ್ಲ. ತಟ್ಟೆಯ ಅಂಚಿಗೆ ಒಂದೊಂದು ಮಾವಿನ ಮಿಡಿ ಉಪ್ಪಿನಕಾಯಿ, ಕೊನೆಗೆ ಬೆಲ್ಲ ಹಾಕಿದ ಕಷಾಯ. ಮೂವರಿಗೂ ಸೇರಿ 240 ರೂಪಾಯಿ. ಹಿಂದಿನ ರಾತ್ರಿ ಹೋಂಸ್ಟೇಯವರು ಕೊಟ್ಟಿದ್ದ ತಣ್ಣಗಿನ ಗೋಬಿ ಮಂಚೂರಿಯನ್ ನೆನಪಾಗಿ ಹೊಟ್ಟೆ ಉರಿಯಿತು. ಹೊಟೇಲಿನ ಅಮ್ಮನವರು ನನ್ನ ಬೈಕಿನ ಬೆಲೆ ಕೇಳಿದರು; ಹೇಳಿದೆ. ಅಷ್ಟಕ್ಕೆ ಎರಡು ಒಳ್ಳೆಯ ಹಸು ಬಂದು ದುಡ್ಡು ಉಳಿಯುತ್ತಿತ್ತಲ್ಲ ಎಂದರು. ಭಾವ ಆ ದಿನವಿಡೀ ನಗುತ್ತಿದ್ದರು.

ಪೆಟ್ರೋಲನ್ನು ಕಳಸದಲ್ಲೇ ತುಂಬಿಸಿಕೊಳ್ಳಿ. ಮುಂದೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು, ಎಸ್.ಕೆ. ಬಾರ್ಡರಿನಲ್ಲಿ (ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ) ಕಾರ್ಕಳದ ದಾರಿ ಬಿಟ್ಟು ಕೆರೆಕಟ್ಟೆ ಮೂಲಕ ಶೃಂಗೇರಿಯ ಕಡೆಗೆ ತಿರುಗಬೇಕು. ನಮ್ಮ ಲೆಕ್ಕದಲ್ಲಿ ಸ್ಪ್ಲೆಂಡರ್ ಲೀಟರಿಗೆ 65 ಕಿಲೋಮೀಟರಿನ ಮೇಲೆ, ಹಿಮಾಲಯನ್ ಮೂವತ್ತರ ಹತ್ತಿರ, ಯೆಜ್ಡಿ ಇಪ್ಪತ್ತೈದು ಕೊಟ್ಟವು. ಯೆಜ್ಡಿಗೆ ಪ್ರತಿ ಸಲವೂ ಟೂ ಟಿ (ಟೂ ಸ್ಟ್ರೋಕ್ ಎಂಜಿನ್ನಿನ) ಆಯಿಲ್ ಅಳೆದು ಬೆರೆಸಬೇಕು. ಈಗ ಸಣ್ಣ ಬಂಕುಗಳಲ್ಲಿ ಅದು ಸಿಗುವುದೆಂಬ ಭರವಸೆಯಿಲ್ಲ, ಮನೆಯಿಂದಲೇ ಡಬ್ಬಿ ಒಯ್ಯಬೇಕು. ಎಥೆನಾಲ್ ಬೆರೆತ ಈಗಿನ ಪೆಟ್ರೋಲು ಹಳೆಯ ಬೈಕುಗಳ ರಬ್ಬರ್ ಪೈಪು, ವಾಷರುಗಳನ್ನು ಮೆತ್ತಗೆ ಮಾಡುತ್ತದೆ, ಗಾಳಿಯ ತೇವವನ್ನೂ ಹೀರುತ್ತದೆ. ಹೊರಡುವ ಮುನ್ನ ಆ ಪೈಪುಗಳನ್ನು ಬದಲಿಸಿಕೊಂಡಿರಿ.

ಈ ಕಾಡಿನ ರಸ್ತೆಯಲ್ಲಿ ನಡುವೆ ವಾಹನ ನಿಲ್ಲಿಸುವಂತಿಲ್ಲ, ತನಿಖಾ ಠಾಣೆಯಲ್ಲಿ ಸಮಯ ಬರೆದುಕೊಳ್ಳುತ್ತಾರೆ. ಯೆಜ್ಡಿ ಸರಿಯಾಗಿ ಅಲ್ಲಿಯೇ ನಿಂತಿತು. ಮಳೆಯ ನೀರು, ಪ್ಲಗ್ಗಿಗೆ ಕಿಡಿ ಕಳಿಸುವ ಪಾಯಿಂಟಿಗೆ ಇಳಿದಿತ್ತು. ಭಾವ ಮುಚ್ಚಳ ಬಿಚ್ಚಿ, ಕರವಸ್ತ್ರದಿಂದ ಒರೆಸಿ, ಪ್ಲಗ್ ಕಳಚಿ ಬೆಂಕಿಕಡ್ಡಿಯ ಕಾವಿನಲ್ಲಿ ಒಣಗಿಸಿ, ನಾಲ್ಕನೇ ಕಿಕ್ಕಿಗೆ ಚಾಲೂ ಮಾಡಿದರು. ಹೊಸ ಬೈಕಿನಲ್ಲಿ ಆಕ್ಸಿಲರೇಟರಿನ ಕೇಬಲ್ ಸಹ ಇಲ್ಲ, ಎಲ್ಲವೂ ಸೆನ್ಸಾರು, ತಂತಿಗಳ ಮೂಲಕ; ಅದು ಅಲ್ಲಿ ಕೈಕೊಟ್ಟಿದ್ದರೆ ನಾನು ಲಗೇಜ್ ಆಟೊ ಹುಡುಕಬೇಕಿತ್ತು ಎಂಬುದು ನಿಜ. ಆದರೆ ಹಳೆಯ ಬೈಕಿನ ರಿಪೇರಿ ಸುಲಭವೆಂದು ಹೊಗಳುವವರು, ಅದಕ್ಕೆ ರಿಪೇರಿ ಎಷ್ಟು ಸಲ ಬೇಕಾಗುತ್ತದೆ ಎಂಬುದನ್ನು ಹೇಳುವುದಿಲ್ಲ. ನನ್ನದು ಎಲ್ಲಿಯೂ ನಿಲ್ಲಲಿಲ್ಲ. ಸ್ಪ್ಲೆಂಡರೂ ನಿಲ್ಲಲಿಲ್ಲ, ಅದನ್ನು ಯಾರೂ ಗಮನಿಸಲಿಲ್ಲ ಅಷ್ಟೇ.

ಮಂಜಿನಲ್ಲಿ ದೀಪದ ವ್ಯತ್ಯಾಸ ಮಾತ್ರ ಹಾಸ್ಯದ ವಿಷಯವಲ್ಲ. ಶೃಂಗೇರಿಯಿಂದ ಆಗುಂಬೆಗೆ ಸಂಜೆ ಹೊರಟಾಗ ಯೆಜ್ಡಿಯ ಹಳದಿ ದೀಪ ಎಂಜಿನ್ ನಿಧಾನವಾದಾಗಲೆಲ್ಲ ಮಂಕಾಗುತ್ತಿತ್ತು. ಭಾವನನ್ನು ನಡುವೆ ಹಾಕಿಕೊಂಡು ನಾನು ಮುಂದೆ ಹೋಗಬೇಕಾಯಿತು. ನನ್ನ ಬೈಕಿನ ದುಂಡು ಪರದೆಯ ನಕ್ಷೆ ಫೋನಿನ ಸಿಗ್ನಲ್ ಹೋದ ಕಡೆ ಸುಮ್ಮನಾಗುತ್ತಿತ್ತು. ಈ ಭಾಗದಲ್ಲಿ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಟ್ಟುಕೊಂಡಿರುವುದು ಒಳ್ಳೆಯದು.

ಹಿಂದಿರುಗುವಾಗ ತೀರ್ಥಹಳ್ಳಿ, ಶಿವಮೊಗ್ಗ, ಕಡೂರು, ಅರಸೀಕೆರೆ ಕಡೆಯ ಉದ್ದನೆಯ ರಸ್ತೆ. ಹಿಮಾಲಯನ್ ತನ್ನ ಬೆಲೆ ತೀರಿಸಿದ್ದು ಇಲ್ಲಿ. ನೂರರ ವೇಗದಲ್ಲಿ ಕೈ ಜೋಮು ಹಿಡಿಯದೆ, ಬೆನ್ನು ನೋಯದೆ, ಲಾರಿಯನ್ನು ಹಿಂದೆ ಹಾಕಲು ಗೇರು ಇಳಿಸುವ ಅಗತ್ಯವೂ ಇಲ್ಲದೆ ಹೋಗುತ್ತದೆ. ಯೆಜ್ಡಿ ಅರವತ್ತೈದಕ್ಕೆ ಹಿತವಾಗಿರುತ್ತದೆ, ಸ್ಪ್ಲೆಂಡರ್ ಐವತ್ತೈದಕ್ಕೆ. ಮೂರನ್ನೂ ಒಟ್ಟಿಗೆ ಓಡಿಸಲು ಹೋದರೆ ಮೂವರಿಗೂ ಸಿಟ್ಟು ಬರುತ್ತದೆ. ನಾವು ಕಡೂರಿನವರೆಗೆ ಹಾಗೆ ಮಾಡಿ ಸಾಕಾಗಿ, ಮುಂದೆ ಸೇರುವ ಊರನ್ನು ಗೊತ್ತುಮಾಡಿಕೊಂಡು ಅವರವರ ವೇಗದಲ್ಲಿ ಹೊರಟೆವು. ನೀವು ಮೈಸೂರಿನಿಂದ ಹೊರಡುವಾಗಲೇ ಹಾಗೆ ಮಾಡಿ, ಸ್ಪ್ಲೆಂಡರಿನವರನ್ನು ಅರ್ಧ ಗಂಟೆ ಮೊದಲೇ ಕಳುಹಿಸಿ.