ಕೊಳದ ಬಕ, ಪಕ್ಕದ ಸೈಟಿನ ಓತಿಕ್ಯಾತ

ಭಾನುವಾರ, 15 ಜೂನ್ 2025, ರಾತ್ರಿ

ಪಕ್ಕದ ಸೈಟಿಗೆ ನಾಳೆ ಜೆಸಿಬಿ ಬರುತ್ತದಂತೆ. ಕಾರು ಸ್ವಲ್ಪ ಆಚೆ ನಿಲ್ಲಿಸ್ಕೊಳಿ ಸಾರ್ ಅಂತ ಮೇಸ್ತ್ರಿ ಸಂಜೆ ಹೇಳಿಹೋದ. ಆಗಿನಿಂದ ಮನಸ್ಸು ನೆಟ್ಟಗಿಲ್ಲ. ನಮ್ಮ ಓತಿಕ್ಯಾತ ಇರುವುದು ಅಲ್ಲಿನ ಸೈಜುಗಲ್ಲಿನ ರಾಶಿಯಲ್ಲೇ.

ಬೆಳಿಗ್ಗೆ ಅಪ್ಪನ ಜೊತೆ ಪುಟ್ಟೇನಹಳ್ಳಿ ಕೆರೆಗೆ ಹೋಗಿದ್ದೆ. ಬೇಸಿಗೆಗೆ ಮುಂಚೆ ಕೆಸರಿನ ಬಣ್ಣದಲ್ಲಿ ಕಣ್ಣಿಗೇ ಬೀಳದೆ ಕೂರುತ್ತಿದ್ದ ಬಕಕ್ಕೆ ಈಗ ಬೆನ್ನ ತುಂಬ ಕಂದುಗೆಂಪು ಗರಿ, ನೆತ್ತಿಯಿಂದ ಇಳಿಬಿದ್ದ ಉದ್ದನೆಯ ಬಿಳಿ ಎಳೆಗಳು.

"ಇದೂ ನಿನ್ನ ಓತಿ ಹಂಗೇ ಬಣ್ಣ ಬದಲಿಸ್ತದಲ್ಲೋ" ಅಂದರು ಅಪ್ಪ.

ಹಂಗಲ್ಲಪ್ಪ ಅಂದೆ. ಬೆಳೆದು ಮುಗಿದ ಗರಿ ನಮ್ಮ ಉಗುರಿದ್ದ ಹಾಗೆ, ಅದರಲ್ಲಿ ಜೀವ ಇರುವುದಿಲ್ಲ. ಬೇರೆ ಬಣ್ಣ ಬೇಕಾದರೆ ಹಳೆಯದು ಉದುರಿ ಹೊಸದು ಮೂಡಬೇಕು. ಓತಿಯ ಬಣ್ಣ ಇರುವುದು ಜೀವಂತ ಚರ್ಮದ ಕೋಶಗಳಲ್ಲಿ. ಹೆಣ್ಣು ಎದುರಾದರೆ ಗಂಡಿನ ಬೆನ್ನು ಕೆಂಪು, ಪಕ್ಕೆ ಕಪ್ಪು. ಇನ್ನೊಂದು ಗಂಡು ಬಂದರೆ ಬೆನ್ನು ಹಳದಿ, ಪಕ್ಕೆ ಕಿತ್ತಳೆ. ಎಲ್ಲ ನೋಡನೋಡುತ್ತಲೇ. ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನವರು, ಅಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು, ಇದನ್ನು ಅಧ್ಯಯನ ಮಾಡಿದ್ದಾರೆ. ಊರೊಳಗಿನ ಗಂಡುಗಳಿಗೆ ಹೊರಗಿನವುಗಳಷ್ಟು ಗಾಢ ಬಣ್ಣ ಬರುವುದಿಲ್ಲವಂತೆ. ನಮ್ಮದಕ್ಕೆ ಬಂದಿತ್ತು. ಹೋದ ವಾರ ಟೆರೇಸಿನಿಂದ ನೋಡಿದೆ: ಮೇಲಿನ ಕಲ್ಲಿನ ಅಂಚಿಗೆ ಮುಂಗಾಲು ಊರಿ, ದಂಡ ಹೊಡೆದಂತೆ ಎದ್ದು ಕೂತು, ತಲೆ ಆಡಿಸುತ್ತಿತ್ತು. ಕೆಳಗಿನ ಕಲ್ಲಿನ ಮೇಲೆ ಬೂದು ಬಣ್ಣದ ಹೆಣ್ಣು.

ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದು ನಮ್ಮನ್ನ ಅಣಕಿಸ್ತದೆ ಅಂತ ಕಲ್ಲು ಹೊಡೀತಿದ್ವಿ ಕಣೋ, ಚಿಕ್ಕೋರಿದ್ದಾಗ. ಎಷ್ಟು ಸಾಯಿಸಿದ್ವೋ. ಹೆಣ್ಣನ್ನ ಕರೀತಿತ್ತು ಅಂತ ಯಾರಿಗೆ ಗೊತ್ತಿತ್ತು" ಅಂದರು. ವಾಪಸ್ ಬರುವಾಗ ಕಾಫಿಯೂ ಬೇಡ ಎಂದರು.

ಈ ಕೆರೆ ಬತ್ತಿದರೆ ಬಕಕ್ಕೆ ಸಾರಕ್ಕಿ ಇದೆ, ಚುಂಚಘಟ್ಟ ಇದೆ, ಹಾರಿಹೋಗುತ್ತೆ. ಅಷ್ಟು ಬೇಗ ಬಣ್ಣ ಬದಲಿಸುವ ಓತಿಗೆ ಜಾಗ ಬದಲಿಸುವುದು ಅಷ್ಟು ಸುಲಭವಲ್ಲ. ರಾಶಿಯ ಮೂರು ಕಡೆ ಮನೆ, ಒಂದು ಕಡೆ ಡಾಂಬರು ರಸ್ತೆ, ಆಚೆ ಬದಿ ಒಂದಿಷ್ಟು ಬೇಲಿ. ಹೆಣ್ಣು ಮೊಟ್ಟೆ ಇಡುವುದು ಮಣ್ಣು ತೋಡಿ. ಅಲ್ಲೇ ಇಟ್ಟಿದ್ದರೆ?

"ಕಲ್ಲು ಕೈಯಲ್ಲೇ ಒಂದೊಂದಾಗಿ ಎತ್ತಿ ಬೇಲಿ ಕಡೆ ಹಾಕ್ತಾರಾ ಕೇಳು, ಕೂಲಿ ನಾನು ಕೊಡ್ತೀನಿ" ಅಂತ ಅಪ್ಪ ಊಟದ ನಡುವೆ ಎದ್ದು ಬಂದು ಹೇಳಿದರು. ಮೇಸ್ತ್ರಿಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಬೆಳಿಗ್ಗೆ ಆರಕ್ಕೇ ಹೋಗಿ ಗೇಟಿನ ಹತ್ತಿರ ನಿಂತುಕೊಂಡರೆ