ಮಧ್ಯಾಹ್ನದ ಮಿಶ್ರಿ
ಧಾರಾವಿಯ ನಮ್ಮ ಚಾಳಿಗೆ ಇವತ್ತು ಮತ್ತೆ ನರ್ಸ್ ಅಕ್ಕ ಬಂದಿದ್ದರು. ಬೀದರ ಕಡೆಯವರು, ಬಿಪಿ ನೋಡಿ ಅತ್ತೆಯ ಪಕ್ಕ ನೆಲದ ಮೇಲೇ ಕೂತುಬಿಡ್ತಾರೆ.

ಕಲಬುರಗಿಯಿಂದ ಮುಂಬೈಗೆ ಬಂದಮೇಲೆ ಅತ್ತೆಗೆ ಅಂಟಿದ್ದು ಮಿಶ್ರಿ. ಹುರಿದ ತಂಬಾಕಿನ ಪುಡಿ, ಹಲ್ಲುಜ್ಜೋ ನೆಪದಲ್ಲಿ ದಿನಕ್ಕೆ ನಾಲ್ಕೈದು ಸಲ. ಒಸಡಿನಿಂದಲೇ ನಿಕೋಟಿನ್ ರಕ್ತಕ್ಕೆ ಇಳಿಯುತ್ತದೆ. ನಾವು ಗದರಿದ್ದೇ ಬಂತು. ಅಕ್ಕ ಹೋದ ತಿಂಗಳು ಕೇಳಿದ್ದು ಒಂದೇ ಮಾತು: "ಅವ್ವಾ, ಯಾವ ಹೊತ್ತಿಂದು ಬಿಡೋದು ಹಗುರ ಅನಸ್ತದ?"

ಅತ್ತೆ ಬಹಳ ಹೊತ್ತು ಸುಮ್ಮನಿದ್ದು, "ಮಧ್ಯಾಹ್ನದ್ದು" ಅಂದರು.

ನಮಗ್ಯಾಕೆ ಹಾಗೆ ಕೇಳಬೇಕು ಅಂತ ಹೊಳೆಯಲಿಲ್ಲವೋ. ಇವತ್ತು ಉಪ್ಪಿನ ಸರದಿ: ದಿನಕ್ಕೆ 5 ಗ್ರಾಂ ಒಳಗೆ, ಉಪ್ಪಿನಕಾಯಿ, ಹಪ್ಪಳ ಎಲ್ಲಾ ಸೇರಿ.

ಈಗ ಮಧ್ಯಾಹ್ನ ಊಟ ಆಯಿತು. ಅತ್ತೆಯ ಅಂಗೈಯಲ್ಲಿ ನಾಲ್ಕು ಕಾಳು ಬಡೇಸೋಪು. ಮಿಶ್ರಿ ಡಬ್ಬಿ ಕಿಟಕಿಯಲ್ಲೇ ಇದೆ, ಮುಚ್ಚಳ ತೆಗೆದಿಲ್ಲ.